ದಬ್ಬಣದಲ್ಲಿ ಹೊಲಿದ ಆಲ್ಬಮ್

ಹೋದ ಮಳೆಗಾಲದ ಒಂದು ಮಧ್ಯಾಹ್ನ, ಮೀಟಿಂಗಿನ ನಡುವೆ ಅಮ್ಮನ ಫೋನ್ ಬಂತು. ಆ ಹೊತ್ತಲ್ಲಿ ಅಮ್ಮ ಫೋನ್ ಮಾಡುವವಳೇ ಅಲ್ಲ. ಗಾಬರಿಯಾಗಿ ಹೊರಗೆ ಬಂದು ಎತ್ತಿದೆ.

"ನೀ ಕೊಟ್ಟ ಫೋಟೋ ಬುಕ್ಕು ಬಿಚ್ಕೊಂಡೋಯ್ತು ಕಣೋ. ಹಾಳೆಯೆಲ್ಲ ಒಂದೊಂದೇ ಕೈಗೆ ಬರ್ತಿತ್ತು. ತಲೆ ಕೆಡಿಸ್ಕೊಳ್ಬೇಡ, ನಾನೇ ಹೊಲಿದು ಇಟ್ಟಿದೀನಿ."

ಹೊಲಿದು ಇಟ್ಟಿದ್ದಾಳಂತೆ. ಪುಸ್ತಕವನ್ನ!

ಅಪ್ಪ ಹೋದ ಮೇಲೆ ಟ್ರಂಕಿನಲ್ಲಿದ್ದ ಹಳೇ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ, ಆನ್‌ಲೈನಿನಲ್ಲಿ ಅಪ್‌ಲೋಡ್ ಮಾಡಿ, ಫಳಫಳ ಹೊಳೆಯುವ ಒಂದು ಫೋಟೋ ಬುಕ್ ಮಾಡಿಸಿದ್ದೆ. ಒಂದು ವಾರಕ್ಕೆ ಕೊರಿಯರ್ ಬಂತು. ಮಗನಾಗಿ ಏನೋ ದೊಡ್ಡದು ಮಾಡಿದೆ ಅಂದುಕೊಂಡಿದ್ದೆ. ಆ ವಾರಾಂತ್ಯ ಊರಿಗೆ ಹೋಗಿ ನೋಡಿದರೆ, ಅಮ್ಮ ಅಡಿಕೆ ಚೀಲದ ಬಾಯಿ ಹೊಲಿಯುವ ದಬ್ಬಣ ತಗೊಂಡು, ಗೋಣಿ ದಾರದಲ್ಲಿ, ಪುಸ್ತಕದ ಎಡಮಗ್ಗುಲನ್ನು ಮೇಲಿಂದ ಕೆಳಗೆ ಚುಚ್ಚಿ ಚುಚ್ಚಿ ಬಿಗಿದಿದ್ದಳು. ಇನ್ನು ಈ ಜನ್ಮದಲ್ಲಿ ಒಂದು ಹಾಳೆಯೂ ಬಿಚ್ಚುವ ಹಾಗಿರಲಿಲ್ಲ. ಆದರೆ ಪುಸ್ತಕ ತೆರೆಯುವ ಹಾಗೂ ಇರಲಿಲ್ಲ.

ನಡುವಿನ ಎರಡು ಪುಟಕ್ಕೆ ಅಪ್ಪ-ಅಮ್ಮನ ಮದುವೆಯ ಗ್ರೂಪ್ ಫೋಟೋ ಹಾಕಿಸಿದ್ದೆ. ಗ್ರೂಪ್ ಫೋಟೋದಲ್ಲಿ ಮದುಮಕ್ಕಳು ಎಲ್ಲಿರುತ್ತಾರೆ? ಸರಿಯಾಗಿ ನಟ್ಟನಡುವೆ. ಅಮ್ಮ ಹೊಲಿಯುವ ಮೊದಲೇ ಆ ಬುಕ್ಕಿನ ಸಂದಿ ಅವರಿಬ್ಬರನ್ನು ಅರ್ಧ ನುಂಗಿತ್ತು. ಹೊಲಿದ ಮೇಲೆ ಪೂರ್ತಿ ನುಂಗಿತು. ಆಚೆ ಈಚೆ ನೆಂಟರಿಷ್ಟರೆಲ್ಲ ಇದ್ದಾರೆ, ಮದುಮಕ್ಕಳೇ ಇಲ್ಲ. "ಆ ಹಾಳೆನ ಎಳೆದೆಳೆದು ನೋಡಿದ್ದಕ್ಕೇ ಬಿಚ್ಚಿದ್ದು" ಅಂದಳು ಅಮ್ಮ, ತಪ್ಪು ತನ್ನದೇ ಎನ್ನುವ ಹಾಗೆ.

ಬೆಂಗಳೂರಿಗೆ ಬಂದವನೇ ಆ ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಸುಲ್ತಾನ್‌ಪೇಟೆಗೆ ಹೋದೆ. ಮದುವೆ ಕಾರ್ಡಿನ ಅಂಗಡಿಗಳ ಸಂದಿಯಲ್ಲಿ ಒಂದು ಇಕ್ಕಟ್ಟು ಮೆಟ್ಟಿಲು ಹತ್ತಿದರೆ ಬೈಂಡಿಂಗ್ ಮಾಡುವ ತಾತನೊಬ್ಬರು ಕೂತಿರುತ್ತಾರೆ. ವಕೀಲರ ದಪ್ಪ ಪುಸ್ತಕಗಳು, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು ಅವರ ಕೆಲಸ. ಬಿ.ಇ. ಮುಗಿಸುವಾಗ ನಾನೂ ಚಿನ್ನದ ಅಕ್ಷರದ ಅಂಥದ್ದೊಂದು ರಿಪೋರ್ಟು ಮಾಡಿಸಿದ್ದೆ. ಆಮೇಲೆ ತೆರೆದು ನೋಡಿಲ್ಲ, ಅದು ಬೇರೆ ಮಾತು.

ತಾತ ಬುಕ್ಕನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಯಾರ್ ಸಾರ್ ಹೊಲಿದಿದ್ದು?"

"ನಮ್ಮಮ್ಮ. ದಬ್ಬಣದಲ್ಲಿ."

"ಕೈ ಗಟ್ಟಿ ಇದೆ. ಜಾಗ ತಪ್ಪಿದೆ, ಅಷ್ಟೇ."

ಆಮೇಲೆ ಅವರೇ ಬಿಡಿಸಿ ಹೇಳಿದರು. ನನ್ನ ಬುಕ್ಕು ಪರ್ಫೆಕ್ಟ್ ಬೈಂಡಿಂಗ್. ಹೆಸರು ಮಾತ್ರ ಪರ್ಫೆಕ್ಟು. ಬಿಡಿ ಹಾಳೆಗಳನ್ನು ಜೋಡಿಸಿ, ಬೆನ್ನನ್ನು ಸಮನಾಗಿ ಕತ್ತರಿಸಿ, ಬಿಸಿ ಅಂಟು ಬಳಿದು ರಟ್ಟು ಅಂಟಿಸುತ್ತಾರೆ. ಕಾದಂಬರಿಗಾದರೆ ನಡೆಯುತ್ತದೆ. ಫೋಟೋ ಬುಕ್ಕಿನ ಹಾಳೆ ದಪ್ಪ, ಮೇಲೆ ನುಣುಪಾದ ಲೇಪ. ಅಂಟಿಗೆ ಹಿಡಿಯಲು ಸಿಗುವುದು ಹಾಳೆಯ ಅಂಚು ಮಾತ್ರ. ಅಗಲಿಸಿ ಒತ್ತಿದಾಗಲೆಲ್ಲ ಅಂಟು ಒಂದಿಷ್ಟು ಬಿರಿಯುತ್ತದೆ. ಅಮ್ಮ ಬಿಗಿದದ್ದು ಮಗ್ಗುಲು ಹೊಲಿಗೆ. ಅದು ಗಟ್ಟಿ, ಆದರೆ ಅರ್ಧ ಇಂಚು ತಿಂದುಹಾಕುತ್ತದೆ. ಹೊಲಿಯಬೇಕಾದ್ದು ಮಡಿಕೆಯಲ್ಲಿ. ಹಾಳೆಗಳನ್ನು ನಡುವೆ ಮಡಚಿ, ಒಂದರೊಳಗೊಂದು ಇಟ್ಟು ಸೆಕ್ಷನ್ ಮಾಡಿ, ಆ ಮಡಿಕೆಯ ಬೆನ್ನಿನಲ್ಲಿ ದಾರ ಓಡಿಸಬೇಕು. ಆಗ ಪುಸ್ತಕ ಅಂಗೈ ಹಾಗೆ ತೆರೆದುಕೊಳ್ಳುತ್ತದೆ.

"ಹಾಗಾದ್ರೆ ಇದನ್ನೇ ಬಿಚ್ಚಿ ಹೊಲಿದುಕೊಡಿ."

"ಇದಕ್ಕೆ ಮಡಿಕೆನೇ ಇಲ್ವಲ್ಲ ಸಾರ್, ಬೆನ್ನು ಕತ್ತರಿಸಿಬಿಟ್ಟಿದಾರೆ. ಹೊಸದಾಗಿ ಪ್ರಿಂಟ್ ಹಾಕಿಸ್ಕೊಂಡು ಬನ್ನಿ. ದಪ್ಪ ಕಾಗದ, ಎರಡೇ ಹಾಳೆಗೆ ಒಂದು ಸೆಕ್ಷನ್ ಮಾಡಿ. ಜಾಸ್ತಿ ಹಾಕಿದ್ರೆ ಒಳಗಿನ ಹಾಳೆ ಹೊರಗೆ ತಳ್ಳುತ್ತೆ."

ಎರಡು ಹಾಳೆ ಮಡಚಿದರೆ 8 ಪುಟ. ಹೊರಗಿನ ಹಾಳೆಯ ಒಂದು ಮಗ್ಗುಲಲ್ಲಿ 8 ಮತ್ತು 1, ಹಿಂದೆ 2 ಮತ್ತು 7. ಒಳಗಿನದರಲ್ಲಿ 6 ಮತ್ತು 3, ಹಿಂದೆ 4 ಮತ್ತು 5. ಯಾವ ಜೋಡಿ ಕೂಡಿಸಿದರೂ 9. ಇದನ್ನು ಕೇಳಿದ್ದೇ ತಡ, ನನ್ನೊಳಗಿನ ಇಂಜಿನಿಯರ್ ಎದ್ದು ಕೂತ. ಪುಟ ಜೋಡಿಸಲು ಒಂದು ಸಣ್ಣ ಪ್ರೋಗ್ರಾಂ ಬರೆದೆ. ನಮ್ಮ ಕಸುಬಿನವರು ಸೊನ್ನೆಯಿಂದ ಎಣಿಸುವವರು ನೋಡಿ, ಎಲ್ಲ ಫೋಟೋಗಳೂ ಒಂದೊಂದು ಪುಟ ಜಾರಿ, ಅಪ್ಪ ಒಂದು ಹಾಳೆಯಲ್ಲಿ, ಅಮ್ಮ ಇನ್ನೊಂದರಲ್ಲಿ ಬಂದರು. ಪ್ರಿಂಟ್ ಆದ ಕಾಗದಕ್ಕೆ ಅನ್‌ಡೂ ಇಲ್ಲ. ದುಡ್ಡು ದಂಡ.

ಎರಡನೇ ಸಲ ಮದುವೆ ಫೋಟೋವನ್ನು 28 ಮತ್ತು 29ನೇ ಪುಟಕ್ಕೆ ತಂದೆ. ಅದು ನಾಲ್ಕನೇ ಸೆಕ್ಷನ್ನಿನ ಹೊಟ್ಟೆ. ಪ್ರತಿ ಸೆಕ್ಷನ್ನಿನ ನಡುವೆ ಮಾತ್ರ ಎದುರುಬದುರಿನ ಎರಡು ಪುಟ ಒಂದೇ ಹಾಳೆಯಾಗಿರುತ್ತದೆ, ಅಲ್ಲಿ ನುಂಗುವ ಸಂದಿ ಇಲ್ಲ.

ತಾತನ ಹತ್ತಿರ ನಾನೇ ಹೊಲಿಯುತ್ತೇನೆ ಅಂದೆ. ನಕ್ಕರು, ಆದರೆ ಬೇಡ ಅನ್ನಲಿಲ್ಲ. ಎರಡು ಭಾನುವಾರ ಅವರ ಪಕ್ಕ ಕೂತೆ. ಮೊದಲ ಪಾಠ, ಕಾಗದಕ್ಕೂ ನಾರಿನ ದಿಕ್ಕಿದೆ ಅನ್ನೋದು. ಅಡಿಕೆ ಮರ ಉದ್ದಕ್ಕೆ ಸೀಳಿದರೆ ದಬ್ಬೆ ಬರುತ್ತದೆ, ಅಡ್ಡಕ್ಕೆ ಬರುತ್ತದಾ? ಹಾಗೇ ಇದೂ. ನಾರು ಪುಸ್ತಕದ ಬೆನ್ನಿನ ಉದ್ದಕ್ಕೇ ಇರಬೇಕು, ಇಲ್ಲದಿದ್ದರೆ ಹಾಳೆ ಸೆಟೆದು ನಿಲ್ಲುತ್ತದೆ. ಪ್ರಿಂಟಿಗೆ ಕಾಗದ ಆರಿಸುವಾಗ ತಾತ ಹಾಳೆಯನ್ನು ಎರಡೂ ಕಡೆ ಬಾಗಿಸಿ ನೋಡಿದ್ದು ಅದಕ್ಕೇ ಅಂತ ಆಗ ಗೊತ್ತಾಯ್ತು. ಎರಡನೆಯದು, ದಾರಕ್ಕೆ ಜೇನುಮೇಣ ಉಜ್ಜುವುದು. ಮೂರನೆಯದು ಕಷ್ಟದ್ದು. ಮಡಿಕೆಗೆ ಐದು ತೂತು, ಒಳಗೆ ಹೊರಗೆ ದಾರ, ತುದಿಗೆ ಬಂದಾಗ ಹಿಂದಿನ ಸೆಕ್ಷನ್ನಿಗೆ ಕೊಕ್ಕೆ ಹಾಕಿ ಗಂಟು. ಹೀಗೆ ಎಂಟು ಸೆಕ್ಷನ್ನೂ ಒಂದಕ್ಕೊಂದು ಸರಪಳಿಯಾಗುತ್ತವೆ. ನಾನು ಜೋರಾಗಿ ಜಗ್ಗಿ ಒಂದು ಮಡಿಕೆ ಹರಿದೆ. "ಮೇಲಕ್ಕೆ ಎಳೀಬೇಡಿ ಸಾರ್, ಹೊಲಿಗೆ ಹೋಗೋ ದಿಕ್ಕಿಗೆ ಎಳೀರಿ" ಅಂದರು. ಹರಿದ ಹಾಳೆಯನ್ನು ಮತ್ತೆ ಪ್ರಿಂಟ್ ಹಾಕಿಸಿದೆ.

ಬೆನ್ನಿಗೆ ತೆಳು ಜಾಲರಿ ಬಟ್ಟೆ, ರಟ್ಟಿನ ಮೇಲೆ ಕೆಂಪು ಕ್ಯಾಲಿಕೊ. ಅಂಟು ಮೈದಾದ್ದು, ಹುಳ ಹಿಡಿಯದಿರಲಿ ಅಂತ ಚಿಟಿಕೆ ಮೈಲುತುತ್ತ. ನಮ್ಮಲ್ಲಿ ಅಡಿಕೆ ಕೊಳೆಗೆ ಔಷಧಿ ಹೊಡೆಯಲು ಸುಣ್ಣದ ಜೊತೆ ಕಲಸುವುದು ಅದನ್ನೇ. ಮನೆಗೆ ತಂದು ರಾತ್ರಿಯಿಡೀ ಭಾರ ಹೇರಿಟ್ಟೆ. ಬಿ.ಇ. ಓದುವಾಗ ಕೊಂಡ ದಪ್ಪ ಪುಸ್ತಕಗಳು ಅವತ್ತು ನಿಜವಾಗಿಯೂ ಉಪಯೋಗಕ್ಕೆ ಬಂದವು.

ದೀಪಾವಳಿಗೆ ಊರಿಗೆ ತಗೊಂಡು ಹೋದೆ. ಅಮ್ಮ ಕೈ ಒರೆಸಿಕೊಂಡು ಬಂದು, ಜಗುಲಿಯಲ್ಲಿ ಕೂತು ಒಂದೊಂದೇ ಪುಟ ತಿರುಗಿಸಿದಳು. ಮದುವೆ ಫೋಟೋ ಬಂತು. ಪುಸ್ತಕ ತಾನಾಗೇ ಅಗಲವಾಗಿ ಮಲಗಿತು. ಅಪ್ಪ, ಅಮ್ಮ ಇಬ್ಬರೂ ಪೂರ್ತಿ ಇದ್ದರು. ನಡುವೆ ಮೇಲಿಂದ ಕೆಳಕ್ಕೆ ಬಿಳಿ ದಾರ.

"ದಾರ ಕಾಣ್ತದೆ ಅಮ್ಮ, ಅದೊಂದು ಏನೂ ಮಾಡೋಕಾಗಲ್ಲ" ಅಂದೆ.

"ಇರ್ಲಿ ಬಿಡೋ. ಅವತ್ತು ಕಟ್ಟಿದ್ದೂ ದಾರನೇ" ಅಂದಳು.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಕೊನೆಯಲ್ಲಿ ಮೂರು ಖಾಲಿ ಪುಟ ಉಳಿದಿದ್ದವು. 60 ಫೋಟೋ, ಮದುವೆಯದ್ದಕ್ಕೆ ಎರಡು ಪುಟ, ಒಟ್ಟು 61. ಎಂಟರ ಲೆಕ್ಕಕ್ಕೆ 64 ಆಗಬೇಕಲ್ಲ. ನಾನು ಲೆಕ್ಕ ವಿವರಿಸಲು ಹೊರಟೆ. ಅಮ್ಮನಿಗೆ ಅದು ಬೇಕಿರಲಿಲ್ಲ.

"ಈ ಮದುವೆ ಫೋಟೋದಲ್ಲಿ ಎಷ್ಟು ಜನ ಗೊತ್ತು ನಿಂಗೆ?"

ಎಣಿಸಿದೆ. ಮೂವತ್ತೆರಡು ಜನರಲ್ಲಿ ಆರು. ಇಷ್ಟು ದಿನ ಪುಟದ ನಂಬರನ್ನು ಉರುಹೊಡೆದವನು ಮುಖ ನೋಡಿಯೇ ಇರಲಿಲ್ಲ.

"ಪೆನ್ನು ತಗೊಂಬಾ. ಆ ಖಾಲಿ ಹಾಳೇಲಿ ಬರ್ಕೋ. ನಾನೂ ಹೋದ್ಮೇಲೆ ಯಾರು ಹೇಳ್ತಾರೆ?"

ಬರೆಯುತ್ತ ಕೂತೆ. ಎಡಗಡೆಯಿಂದ, ನಿಂತವರು, ಕೂತವರು, ನೆಲದ ಮೇಲಿನ ಮಕ್ಕಳು. ಮೊದಲ ಖಾಲಿ ಪುಟ ತುಂಬಿತು. ಹಿಂದಿನ ಸಾಲಿನ ಕೊನೆಯಲ್ಲಿ ಕೋಟು ಹಾಕಿಕೊಂಡು ನಿಂತ ಒಬ್ಬರ ಮೇಲೆ ಅಮ್ಮ ಬಹಳ ಹೊತ್ತು ಬೆರಳಿಟ್ಟಳು.

"ಇವ್ರು ಯಾರೋ ನೆನಪಾಗ್ತಿಲ್ಲ ಮಾರಾಯ. ನಿಮ್ಮಪ್ಪಂಗೆ ಗೊತ್ತಿತ್ತು."

ಆ ಹೆಸರಿನ ಜಾಗ ಬಿಟ್ಟು ಮುಂದಿನದನ್ನು ಬರೆದೆ.