ಹಿಡಿಸದಿದ್ದರೂ ಮುಂದಿನ ವಾರ ಬನ್ನಿ

2013ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಪಂಕ್ ಉಡುಗೆಗಳ ಪ್ರದರ್ಶನವೊಂದನ್ನು ಏರ್ಪಡಿಸಿ, ಅದರೊಳಗೆ ಒಂದು ಶೌಚಾಲಯದ ಪ್ರತಿಕೃತಿಯನ್ನು ಕಟ್ಟಿಸಿತು. ಬವರಿ ಬೀದಿಯ ಪಂಕ್ ಸಂಗೀತ ಬೆಳೆದ ಸಿಬಿಜಿಬಿ ಎಂಬ ಪುಟ್ಟ ಕ್ಲಬ್ಬಿನ ಶೌಚಾಲಯವದು. ಗೋಡೆಯ ಗೀಚುಬರಹವೂ ಚಾಚೂ ತಪ್ಪದೆ ಹಾಜರು, ವಾಸನೆ ಮಾತ್ರ ಗೈರು! ಕ್ಲಬ್ಬಿನ ಮಹಿಮೆಯೆಲ್ಲ ಅದರ ಕೊಳಕಿನಲ್ಲೇ ಇತ್ತೆನ್ನುವ ಈ ಭಕ್ತಿ ಕಿರಿಕಿರಿ ಹುಟ್ಟಿಸುತ್ತದೆ. ಮಹಿಮೆ ಇದ್ದದ್ದು ಮಾಲೀಕನ ಸ್ವಭಾವದಲ್ಲಿ.

1973ರ ಡಿಸೆಂಬರಿನಲ್ಲಿ ಹಿಲ್ಲಿ ಕ್ರಿಸ್ಟಲ್ ಈ ಕ್ಲಬ್ಬನ್ನು ತೆರೆದಾಗ ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಎಂಬ ತನ್ನ ಮೆಚ್ಚಿನ ಪ್ರಕಾರಗಳ ಅಕ್ಷರಗಳನ್ನೇ ಕೂಡಿಸಿ ಹೆಸರಿಟ್ಟ. ಮೂರರಲ್ಲಿ ಒಂದೂ ಅಲ್ಲಿ ಬೇರೂರಲಿಲ್ಲ. ಕುಡುಕರು, ಮನೆಯಿಲ್ಲದವರು, ಅಗ್ಗದ ವಸತಿಗೃಹಗಳು ತುಂಬಿದ್ದ ಬೀದಿ. ಬಾಡಿಗೆಯೂ ಕಡಿಮೆ, ಗಿರಾಕಿಗಳೂ ಕಡಿಮೆ. 1974ರ ಮಾರ್ಚ್ ಕೊನೆಯ ಭಾನುವಾರ ಟೆಲಿವಿಷನ್ ಎಂಬ ಹೊಸ ತಂಡ ನುಡಿಸಿತು, ಕ್ರಿಸ್ಟಲ್‌ಗೆ ಹಿಡಿಸಲಿಲ್ಲ. ಆಗಸ್ಟ್‌ನಲ್ಲಿ ರಮೋನ್ಸ್ ತಂಡದವರು ಬಂದರು. ಅವರಂತೂ ಇನ್ನೂ ಕಡೆ ಅನ್ನಿಸಿತು. ಆದರೂ ಆ ಪುಣ್ಯಾತ್ಮ ಇಬ್ಬರಿಗೂ ಮತ್ತೆ ಮತ್ತೆ ವೇದಿಕೆ ಕೊಟ್ಟ. ಮರುವರ್ಷ ಪ್ಯಾಟಿ ಸ್ಮಿತ್ ಅಲ್ಲಿ ವಾರಗಟ್ಟಲೆ ಹಾಡಿದಳು. ಟಾಕಿಂಗ್ ಹೆಡ್ಸ್ ತಂಡ ಅಲ್ಲೇ ಕಣ್ಣುಬಿಟ್ಟಿತು. ಕಲಾಪೋಷಣೆಯೆಂದರೆ ರಸಿಕನ ಅಭಿರುಚಿ ಎಂದು ನಂಬಿದವರಿಗೆ ಈ ಚರಿತ್ರೆ ಇರುಸುಮುರುಸು ತರಬೇಕು. ಕ್ರಿಸ್ಟಲ್ ತನ್ನ ಅಭಿರುಚಿಗೆ ಜೋತುಬಿದ್ದಿದ್ದರೆ ಇವರ್ಯಾರೂ ಎರಡನೆಯ ಸಲ ಒಳಗೆ ಕಾಲಿಡುತ್ತಿರಲಿಲ್ಲ.

ಹಾಗಾದರೆ ಪೋಷಣೆಯೆಂದರೆ ಉದಾಸೀನವೇ ಎಂದು ಕೇಳಬಹುದು. ಅಲ್ಲ, ಹಾಗಿದ್ದಿದ್ದರೆ ಪಾಳುಬಿದ್ದ ಗೋಡೌನುಗಳೆಲ್ಲ ಗುರುಕುಲಗಳಾಗಬೇಕಿತ್ತು. ಕ್ರಿಸ್ಟಲ್‌ನದು ಎರಡು ಕಟ್ಟಳೆ: ನುಡಿಸುವುದಾದರೆ ಸ್ವಂತ ಹಾಡನ್ನೇ ನುಡಿಸಬೇಕು; ಬಾಗಿಲಲ್ಲಿ ಬಂದ ಟಿಕೆಟ್ ದುಡ್ಡು ತಂಡಕ್ಕೆ, ಬಾರಿನ ದುಡ್ಡು ತನಗೆ. ಮೊದಲನೆಯದು ಬೇರೆಯವರ ಹಾಡಿಗೆ ತೆರಬೇಕಾದ ರಾಯಲ್ಟಿ ಉಳಿಸುವ ಉಪಾಯವಷ್ಟೇ ಎಂದು ಆಡಿಕೊಳ್ಳುವವರಿದ್ದಾರೆ. ಇರಲಿ, ಉದ್ದೇಶ ಜಿಪುಣತನದ್ದಾದರೂ ಫಲ ಧಾರಾಳವಾಗಿತ್ತು. ಜನಪ್ರಿಯ ಹಾಡಿನ ಬೆನ್ನೇರಿ ಚಪ್ಪಾಳೆ ಗಿಟ್ಟಿಸುವ ದಾರಿ ಮುಚ್ಚಿತು. ಅರೆಬೆಂದ ಸ್ವಂತ ಹಾಡನ್ನೇ ಜನರ ಮುಂದೆ ಬೇಯಿಸಬೇಕಾಯಿತು. ಪ್ರತಿಭೆಯಿದ್ದವರು ಎಲ್ಲಿದ್ದರೂ ಮೇಲೆ ಬರುತ್ತಿದ್ದರು ಎಂಬ ವಾದ ಗೆದ್ದವರ ಪಟ್ಟಿ ಹಿಡಿದು ಹೇಳುವಂಥದ್ದು. ಪ್ರತಿಭೆಗೂ ನಾಲ್ಕು ಸಲ ಕೆಟ್ಟದಾಗಿ ನುಡಿಸಲು ಜಾಗ ಬೇಕು, ಐದನೆಯ ಸಲಕ್ಕೆ ಕರೆಯೂ ಬೇಕು.

ಬಾಡಿಗೆಯ ಜಗಳದಲ್ಲಿ ಸೋತು ಕ್ಲಬ್ 2006ರ ಅಕ್ಟೋಬರ್ 15ರಂದು ಮುಚ್ಚಿತು. ಜಗಳವಿದ್ದದ್ದು ಮನೆಯಿಲ್ಲದವರಿಗೆ ನೆರವಾಗುವ ಸಂಸ್ಥೆಯೊಂದಿಗೆ, ಆದ್ದರಿಂದ ಖಳನಾಯಕನನ್ನು ಹುಡುಕಿ ಪ್ರಯೋಜನವಿಲ್ಲ. ಆಮೇಲೆ ಅಲ್ಲಿಗೆ ಬಂದದ್ದು ದುಬಾರಿ ಬಟ್ಟೆಯಂಗಡಿ. ಇನ್ನು ಮುಂದೆ ಹೊಸಬರಿಗೆ ವೇದಿಕೆ ಕಟ್ಟುತ್ತೇವೆಂದು ಹೊರಡುವವರು ಆಯ್ಕೆ ಸಮಿತಿಯ ಹೆಸರುಗಳನ್ನು ಓದಿ ಹೇಳುವುದು ಬೇಡ. ತಮಗೆ ಹಿಡಿಸದ ತಂಡಕ್ಕೆ ಎಷ್ಟು ಭಾನುವಾರ ಕೊಡುತ್ತೀರಿ, ಅದನ್ನು ಹೇಳಿ.