ಮೊದಲು ಕಲ್ಲು ನೋಡ್ರಿ

ಬಾದಾಮಿಗೆ ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿದರೆ ಮೇಣಬಸದಿ, ಹದಿನೆಂಟು ಕೈಯ ನಟರಾಜ, ಅಗಸ್ತ್ಯತೀರ್ಥ, ಭೂತನಾಥ ಗುಡಿ ಎನ್ನುತ್ತಾರೆ. ಗುಡ್ಡ ನೋಡಿದೆ ಎನ್ನುವವರು ಅಪರೂಪ. ಊರು ಕುಳಿತಿರುವುದೇ ಎರಡು ಗುಡ್ಡಗಳ ಸಂದಿಯಲ್ಲಿ. ಚಾಲುಕ್ಯರ ಒಂದನೆಯ ಪುಲಕೇಶಿ ಕ್ರಿ.ಶ. 543ರಲ್ಲಿ ಇಲ್ಲಿ ಕೋಟೆ ಕಟ್ಟಿಸಿದ್ದೂ ಈ ಗುಡ್ಡವನ್ನು ನಂಬಿಯೇ. ಆದರೂ ಕಣ್ಣು ಶಿಲ್ಪದ ಕಡೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ಚಳಿಗಾಲದ ಒಂದು ದಿನ ನಾವು ಏಳು ಜನ ಸ್ಥಳೀಯ ಗೈಡೊಬ್ಬರ ಜೊತೆ ಈ ಮರಳುಗಲ್ಲಿನ ಸೀಮೆಯನ್ನು ಬೆಳಗಿನಿಂದ ಸಂಜೆಯವರೆಗೆ ಸುತ್ತಿದೆವು. ಹೊರಡುವ ಮುಂಚೆ ಅವರು ಹಾಕಿದ ಕರಾರು ಒಂದೇ: "ಮೊದಲ ಕಲ್ಲು ನೋಡ್ರಿ. ಮೂರ್ತಿ ಎಲ್ಲೂ ಓಡಿ ಹೋಗಂಗಿಲ್ಲ, ಆಮ್ಯಾಲ ನೋಡೂಣಂತ."

ಏಳು ಜನ ಎಂದರೆ ಒಂದು ಕ್ರೂಸರ್ ಗಾಡಿಯಲ್ಲಿ ಆರಾಮವಾಗಿ ಕೂರುವಷ್ಟು ಮಂದಿ. ಧಾರವಾಡದ ನಿವೃತ್ತ ಮೇಷ್ಟ್ರು, ಅವರ ಮನೆಯವರು, ಹೊಸಪೇಟೆಯ ಅಕ್ಕ–ತಮ್ಮ, ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗಿ, ಬೆಂಗಳೂರಿನ ಬ್ಯಾಂಕಿನವರೊಬ್ಬರು, ನಾನು. ಗೈಡ್ ಬಾದಾಮಿಯಲ್ಲೇ ಹುಟ್ಟಿ ಬೆಳೆದವರು. ತಂದೆ ಕಲ್ಲು ಒಡೆಯುವ ಕೆಲಸದಲ್ಲಿದ್ದರಂತೆ. ಮಗನ ಮಾತಿನಲ್ಲಿ ಇಸವಿಗಿಂತ ಕಲ್ಲಿನ ಸ್ವಭಾವವೇ ಹೆಚ್ಚು ಬರುತ್ತಿದ್ದುದಕ್ಕೆ ಅದು ಕಾರಣವಿರಬೇಕು. ಯಾವ ಕಲ್ಲು ಎತ್ತ ಒಡೆಯುತ್ತದೆ, ಯಾವುದು ಬಡಿದರೆ ಗಣಿಗಣಿ ಎನ್ನುತ್ತದೆ, ಯಾವುದು ಬೊಳ್ಳು ಸದ್ದು ಮಾಡುತ್ತದೆ ಎನ್ನುವುದು ಅವರಿಗೆ ಮನೆಯ ಮಾತು.

ನಸುಕಿನಲ್ಲಿ ಸಿಡ್ಲಫಡಿಯ ಕಾಲುದಾರಿ ಹಿಡಿದೆವು. ಕುರುಚಲು ಗಿಡ, ಕಳ್ಳಿ, ನಡುನಡುವೆ ಹಾಸುಬಂಡೆ. ಒಂದು ಬಂಡೆಯ ಹತ್ತಿರ ಗೈಡ್ ಎಲ್ಲರನ್ನೂ ನಿಲ್ಲಿಸಿ ಬಾಟಲಿಯಿಂದ ಒಂದು ಬೊಗಸೆ ನೀರು ಸುರಿದರು. ಒಣಗಿ ಮಸುಕಾಗಿದ್ದ ಕಲ್ಲು ನೆಂದ ಕೂಡಲೇ ಕಡುಗೆಂಪಾಯಿತು. ಅದರ ಮೇಲೆ ಒಂದರ ಪಕ್ಕ ಒಂದು ಸಣ್ಣ ಸಣ್ಣ ಏರಿಳಿತದ ಗೆರೆಗಳು ಎದ್ದು ಕಂಡವು. ಬೆರಳಾಡಿಸಿದರೆ ಏರು ಇಳಿವು ಸ್ಪಷ್ಟವಾಗಿ ಸಿಗುತ್ತದೆ. ಹೊಳೆಯ ತಳದ ಉಸುಕಿನ ಮೇಲೆ ನೀರು ಹರಿದಾಗ ಬೀಳುವ ಗೆರೆಗಳು ಅವು. ಆ ಉಸುಕು ಗಟ್ಟಿಯಾಗಿ ಕಲ್ಲಾಗಿದೆ, ಗೆರೆ ಹಾಗೆಯೇ ಉಳಿದಿದೆ. ಮೇಷ್ಟ್ರು ಮಂಡಿಯೂರಿ ಕೂತು ಬಹಳ ಹೊತ್ತು ಅದನ್ನೇ ಸವರುತ್ತಿದ್ದರು. "ಹೊಳಿ ಯಾವ ಕಡೆ ಹರೀತಿತ್ರಿ?" ಎಂದು ಕೇಳಿದರು. ಗೈಡ್ ಪಕ್ಕದ ಕಡಿದಾದ ಬಂಡೆಯ ಮೈ ತೋರಿಸಿದರು. ಅಲ್ಲಿ ಅಡ್ಡ ಪದರಗಳ ಒಳಗೆ ಓರೆಯಾಗಿ ಬಿದ್ದ ಎಳೆಗಳಿದ್ದವು. ಎಳೆ ಯಾವ ಕಡೆಗೆ ಇಳಿದಿದೆಯೋ ಆ ಕಡೆಗೇ ನೀರು ಉಸುಕನ್ನು ತಳ್ಳಿಕೊಂಡು ಹೋಗಿದೆ. ಹರಿಯುವುದನ್ನು ಎಂದೋ ನಿಲ್ಲಿಸಿದ ಹೊಳೆಯ ದಿಕ್ಕನ್ನು ಕಲ್ಲಿನಲ್ಲಿ ಹೀಗೆ ಓದಬಹುದು ಎನ್ನುವುದು ನನಗೆ ಯಾವ ಶಾಸನಕ್ಕೂ ಕಡಿಮೆಯಲ್ಲದ ವಿಷಯ.

ಈ ಹೊಳೆಗಳು ಹರಿದದ್ದು 54 ಕೋಟಿ ವರ್ಷಗಳಿಗೂ ಬಹಳ ಹಿಂದೆ. ಆಗ ನೆಲದ ಮೇಲೆ ಗಿಡವಿಲ್ಲ, ಹುಲ್ಲಿಲ್ಲ. ದಡವನ್ನು ಹಿಡಿದು ನಿಲ್ಲಿಸುವ ಬೇರೇ ಇಲ್ಲದ್ದರಿಂದ ನದಿಗಳು ಹತ್ತಾರು ಕವಲಾಗಿ ಬಯಲ ತುಂಬ ಹರಡಿ ಹರಿಯುತ್ತಿದ್ದವು, ಉಸುಕನ್ನು ಪದರ ಪದರವಾಗಿ ಹಾಸಿ ಹೋಗುತ್ತಿದ್ದವು. ಆ ಕಾಲಕ್ಕೆ ಪ್ರಾಣಿಗಳೂ ಇಲ್ಲವಾದ್ದರಿಂದ ಈ ಕಲ್ಲಿನಲ್ಲಿ ಎಷ್ಟು ಹುಡುಕಿದರೂ ಒಂದು ಚಿಪ್ಪು, ಒಂದು ಎಲುಬು ಸಿಗುವುದಿಲ್ಲ. ಕೆಂಪು ಬಂದದ್ದು ಕಬ್ಬಿಣದಿಂದ: ಉಸುಕಿನ ಕಣಗಳಿಗೆ ಅಂಟಿಕೊಂಡ ತುಕ್ಕಿನ ಬಣ್ಣ ಅದು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಸೀಮೆಯನ್ನೆಲ್ಲ ಸುತ್ತಿ 1876ರಲ್ಲಿ ಇಲ್ಲಿಯ ಕಲ್ಲುಗಳ ಬಗ್ಗೆ ದೊಡ್ಡ ವರದಿ ಪ್ರಕಟಿಸಿದ; ಈ ಕಲ್ಲುಗಳಿಗೆ ಇಟ್ಟದ್ದರಿಂದ ಕಲಾದಗಿ ಎಂಬ ಊರಿನ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲಿ ನೆಲೆಯಾಯಿತು. ಬಾದಾಮಿಯ ಗುಹೆಗಳಿರುವ ಪದರಕ್ಕೆ ಇಂದಿನ ವಿಜ್ಞಾನಿಗಳು ಇಟ್ಟ ಹೆಸರು ಇನ್ನೂ ಚೆಂದ: 'ಕೇವ್ ಟೆಂಪಲ್ ಅರೆನೈಟ್'. ಚಾಲುಕ್ಯರ ಶಿಲ್ಪಿಗಳು ಕೊರೆದ ಗುಡಿಯ ಗುರುತಿನಿಂದಲೇ ಅವರಿಗಿಂತ ಕೋಟಿ ಕೋಟಿ ವರ್ಷ ಹಿರಿಯದಾದ ಕಲ್ಲನ್ನು ಕರೆಯುತ್ತಾರೆ.

ಸಿಡ್ಲಫಡಿ ಒಂದು ದೊಡ್ಡ ಕಲ್ಲಿನ ಕಮಾನು. ಸಿಡಿಲು ಬಡಿದು ಮೇಲಿನ ಬಂಡೆ ತೂತಾಯಿತು ಎಂದು ಊರವರ ನಂಬಿಕೆ. ನೆರಳಿನ ಮೈಮೇಲೆ ಕೆಮ್ಮಣ್ಣಿನ ಬಣ್ಣದ ಚಿತ್ರಗಳಿವೆ: ಪ್ರಾಣಿಗಳು, ಮನುಷ್ಯರು. ಪುಲಕೇಶಿಗಿಂತ ಎಷ್ಟೋ ಮೊದಲು ಈ ಕಲ್ಲಿನ ಕೆಳಗೆ ಮಳೆ ಬಿಸಿಲಿಗೆ ನಿಂತವರು ಬರೆದವು. ಹತ್ತಿರ ಹೋಗಬಾರದು, ಮುಟ್ಟಬಾರದು ಎಂದು ಗೈಡ್ ಕಟ್ಟುನಿಟ್ಟಾಗಿ ಹೇಳಿದರು. ಅದೇ ಬಂಡೆಯ ಮೇಲೆ ಯಾರೋ ಇಬ್ಬರ ಹೆಸರು, ನಡುವೆ ಒಂದು ಬಾಣದ ಗುರುತು, ಚೂಪು ಕಲ್ಲಿನಿಂದ ಕೆತ್ತಿದ್ದು. ಮರಳುಗಲ್ಲು ಮೆತ್ತಗಿರುವುದರಿಂದಲೇ ಅಷ್ಟು ಸುಲಭವಾಗಿ ಗೀಚಿಸಿಕೊಳ್ಳುತ್ತದೆ. ಅದನ್ನು ಕಂಡು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಒಂಬತ್ತರ ಹೊತ್ತಿಗೆ ಮೇಣಬಸದಿ ಗುಹೆಗಳ ಮೆಟ್ಟಿಲು ಹತ್ತಿದೆವು. ಮಂಗಗಳ ಕಾಟಕ್ಕೆ ತಿಂಡಿಯ ಚೀಲಗಳನ್ನೆಲ್ಲ ಗಾಡಿಯಲ್ಲೇ ಬಿಟ್ಟಿದ್ದೆವು. ಎರಡನೆಯ ಮತ್ತು ಮೂರನೆಯ ಗುಹೆಗಳ ನಡುವೆ ಯಾರೂ ಕೊರೆಯದ, ತಾನಾಗಿಯೇ ಆದ ಒಂದು ಗುಹೆಯಿದೆ. ಬಹಳ ಜನ ಅದನ್ನು ದಾಟಿ ಹೋಗುತ್ತಾರೆ. ಗೈಡ್ ನಮ್ಮನ್ನು ಅಲ್ಲೇ ನಿಲ್ಲಿಸಿದರು. ಮೇಲೆ ಗಟ್ಟಿ ಪದರ, ಕೆಳಗೆ ಮೆತ್ತನೆಯ ಪದರ. ಮೆತ್ತನೆಯದು ಉದುರಿ ಹೋಗಿ ಗಟ್ಟಿಯದು ಚಾವಣಿಯಾಗಿ ಉಳಿದಿದೆ. ಗುಹೆ ಕೊರೆಯುವ ಯೋಚನೆ ಚಾಲುಕ್ಯರಿಗೆ ಎಲ್ಲಿಂದ ಬಂತು ಎಂದು ಪಂಡಿತರು ಅಜಂತಾ, ಎಲಿಫೆಂಟಾ ಎಂದೆಲ್ಲ ಹೇಳಬಹುದು. ಗುಡ್ಡವೇ ಅರ್ಧ ಕೆಲಸ ಮುಗಿಸಿ ತೋರಿಸಿಟ್ಟಿತ್ತು ಎನ್ನುವುದನ್ನೂ ಅವರು ಸೇರಿಸಬೇಕು ಎಂದು ನನ್ನ ಆಸೆ.

ಮೂರನೆಯ ಗುಹೆ ಎಲ್ಲಕ್ಕಿಂತ ದೊಡ್ಡದು. ಅದು 578ರದ್ದು, ಮಂಗಳೇಶ ಮಾಡಿಸಿದ್ದು ಎಂದು ಅಲ್ಲಿಯ ಶಾಸನವೇ ಹೇಳುತ್ತದೆ. ತ್ರಿವಿಕ್ರಮ, ವರಾಹ, ಹರಿಹರ, ಹೆಡೆ ಬಿಚ್ಚಿದ ಅನಂತನ ಮೇಲೆ ಕುಳಿತ ವಿಷ್ಣು. ಇವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ. ಅವತ್ತು ನಾವು ಕಂಡದ್ದು ಕಂಬಗಳ ಮೈಯಲ್ಲಿ ಅಡ್ಡಡ್ಡ ಸಾಗಿದ ಪಟ್ಟೆಗಳನ್ನು: ಕೆನೆ ಬಣ್ಣ, ನೇರಳೆ, ಮತ್ತೆ ಕೆಂಪು. ಒಂದು ಕಂಬದ ಪಟ್ಟೆ ಗೋಡೆಗೆ ದಾಟಿ, ಗೋಡೆಯ ಮೇಲಿನ ದೇವರ ಮೈಯನ್ನೂ ಹಾದು ಮುಂದಕ್ಕೆ ಹೋಗುತ್ತದೆ. ಉಳಿ ಹಿಡಿದವನು ಅದನ್ನು ಮರೆಮಾಚಲು ನೋಡಿಲ್ಲ. ಉಸುಕಿನ ಹೊಳೆ ಬಿಟ್ಟುಹೋದ ಬಣ್ಣ ದೇವರ ತೊಡೆಯ ತಿರುವಿಗೆ ಬಂದಾಗ ತಾನೂ ತಿರುಗಿದ ಹಾಗೆ ಕಾಣುತ್ತದೆ. ಎಂಜಿನಿಯರಿಂಗ್ ಹುಡುಗಿ ನೋಟ್‌ಬುಕ್ಕಿನಲ್ಲಿ ಪಟ್ಟೆಗಳನ್ನು ಬರೆದುಕೊಳ್ಳುತ್ತಿದ್ದಳು. ಅದು ಮಧ್ಯಾಹ್ನ ಉಪಯೋಗಕ್ಕೆ ಬಂತು.

ನಾವು ಅಲ್ಲಿದ್ದಾಗಲೇ ಎರಡು ಬಸ್ಸು ಶಾಲೆಯ ಮಕ್ಕಳು ಬಂದರು. ಸಾಲು ತಪ್ಪಬೇಡಿ, ಬೇಗ ನಡೀರಿ ಎನ್ನುತ್ತ ಒಬ್ಬ ಶಿಕ್ಷಕಿ ನೂರು ಮಕ್ಕಳನ್ನು ಹೇಗೋ ಸಂಭಾಳಿಸುತ್ತಿದ್ದರು. ಅವರ ತಪ್ಪೇನೂ ಇಲ್ಲ. ನೂರು ಮಕ್ಕಳನ್ನು ಒಂದು ಕಂಬದ ಮುಂದೆ ನಿಲ್ಲಿಸುವುದು ಯಾರಿಂದಲೂ ಆಗದು. ಹಿಂದೆ ಉಳಿದ ಒಬ್ಬ ಹುಡುಗ ನಮ್ಮ ಗುಂಪಿನೊಳಗೆ ತೂರಿಕೊಂಡು, "ಈ ಬಣ್ಣ ಯಾರು ಹಚ್ಯಾರ್ರಿ?" ಎಂದು ಕೇಳಿದ. "ಯಾರೂ ಹಚ್ಚಿಲ್ಲೋ ತಮ್ಮಾ, ಕಲ್ಲ ಹಂಗ ಹುಟ್ಟೇತಿ" ಎಂದರು ಗೈಡ್. ಅಷ್ಟರಲ್ಲಿ ಅವನನ್ನು ಕರೆದರು. ಹತ್ತು ಹತ್ತು ಮಕ್ಕಳಿಗೆ ಒಬ್ಬರಂತೆ ಇಂಥ ಗೈಡುಗಳು ಸಿಕ್ಕಿದರೆ ನಮ್ಮ ಶೈಕ್ಷಣಿಕ ಪ್ರವಾಸಗಳ ಕಥೆಯೇ ಬೇರೆಯಾಗುತ್ತದೆ. ಇದಕ್ಕೆ ಸರಕಾರ ಖರ್ಚು ಮಾಡಲಿ ಎಂದು ನಾನು ಗಂಭೀರವಾಗಿಯೇ ಕೇಳುತ್ತೇನೆ.

ಅಗಸ್ತ್ಯತೀರ್ಥ ಕೆರೆಯ ಆಚೆ ದಂಡೆಯ ಬಡಗಣ ಗುಡ್ಡದಲ್ಲಿ ದಾರಿ ಎರಡು ಕಡಿದಾದ ಗೋಡೆಗಳ ನಡುವೆ ಏರುತ್ತದೆ. ತಲೆ ಎತ್ತಿದರೆ ಆಕಾಶ ಒಂದು ನೀಲಿ ಓಣಿ. ಹಂಪಿಯ ಗ್ರಾನೈಟು ಸವೆದು ಗುಂಡಾಗುತ್ತದೆ. ಅಲ್ಲಿ ಬಂಡೆಗಳು ಒಂದರ ಮೇಲೊಂದು ಉರುಳಿ ನಿಂತಿವೆ. ಇಲ್ಲಿಯ ಕಲ್ಲು ಅಡ್ಡಕ್ಕೆ ಪದರವಾಗಿ, ಉದ್ದಕ್ಕೆ ಬಿರುಕಾಗಿ ಚೌಕ ಚೌಕ ಒಡೆಯುತ್ತದೆ. ಬಿರುಕಿನಲ್ಲಿ ಮಳೆನೀರು ಇಳಿದು ಇಳಿದು ಕಂದರವಾಗುತ್ತದೆ. ಹೊಯ್ಸಳರಿಗೆ ಸಿಕ್ಕಿದ್ದು ಮೆತ್ತನೆಯ ಬಳಪದ ಕಲ್ಲು. ಬೇಲೂರು ಹಳೇಬೀಡಿನ ಕುಸುರಿ ಅದರಿಂದ ಸಾಧ್ಯವಾಯಿತು. ಬಾದಾಮಿಯ ಶಿಲ್ಪ ದೊಡ್ಡ ಮೈಕಟ್ಟಿನದು, ತುಂಬು ಭುಜದ್ದು. ಉಸುಕಿನ ಕಣದ ಕಲ್ಲು ಕೂದಲೆಳೆಯ ಕೆಲಸವನ್ನು ಬಹುಕಾಲ ಹಿಡಿದಿಡುವುದಿಲ್ಲ ಎಂಬುದು ಆ ಶಿಲ್ಪಿಗಳಿಗೆ ಗೊತ್ತಿದ್ದಿರಬೇಕು. ಇದೇ ಕೆರೆಯ ಈಶಾನ್ಯದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು ಕ್ರಿ.ಶ. 700ರದ್ದು. ಕನ್ನಡದ ತ್ರಿಪದಿ ಮೊದಲು ಕಾಣುವುದು ಈ ಕಲ್ಲಿನ ಮೇಲೆ. ಬಂಡೆಯ ಎದುರಿಗೆ ನಿಂತಾಗ ಹೊಸಪೇಟೆಯ ಅಕ್ಕ ಚಪ್ಪಲಿ ಬಿಟ್ಟು ಕೈಮುಗಿದರು.

ಊಟ ಬನಶಂಕರಿಯಲ್ಲಿ. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುವ ತಾಯಂದಿರ ಹತ್ತಿರ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕಾಳಿನ ಪಲ್ಯ, ಕೆನೆ ಮೊಸರು. "ಇನ್ನೊಂದು ರೊಟ್ಟಿ ತಗೋ ಎಪ್ಪಾ, ಗುಡ್ಡ ಹತ್ತಿ ಬಂದೀ" ಎಂದು ಅಜ್ಜಿಯೊಬ್ಬರು ಬ್ಯಾಂಕಿನವರ ತಟ್ಟೆಗೆ ಹಾಕಿದರು. ಬುಟ್ಟಿಯಲ್ಲಿ ಒಟ್ಟಿದ ರೊಟ್ಟಿಗಳ ಅಂಚನ್ನು ಗೈಡ್ ಬೆರಳಿನಿಂದ ತೋರಿಸಿದರು: ಬಾದಾಮಿಯ ಗುಡ್ಡವನ್ನು ಪಕ್ಕದಿಂದ ನೋಡಿದರೆ ಹೀಗೆಯೇ, ಒಂದರ ಮೇಲೊಂದು ಹಾಸು, ನಡುವೆ ಕೈ ಹಾಕಿದರೆ ಬಿಡಿಸಿಕೊಳ್ಳುತ್ತವೆ. ಅವರ ತಂದೆ ಚಾಣ ಇಡುತ್ತಿದ್ದುದು ಯಾವಾಗಲೂ ಹಾಸಿನ ಗೆರೆಯ ಮೇಲೆಯೇ ಅಂತೆ.

ಆ ಮಾತಿನ ಪೂರ್ತಿ ಅರ್ಥ ಆದದ್ದು ಐಹೊಳೆಯಲ್ಲಿ. ಮೇಗುತಿ ಗುಡ್ಡದ ಮೇಲೆ 634ರ ಜಿನಾಲಯವಿದೆ; ರವಿಕೀರ್ತಿ ಇಮ್ಮಡಿ ಪುಲಕೇಶಿಯನ್ನು ಹೊಗಳಿದ ಶಾಸನ ಅಲ್ಲಿಯದೇ. ಅದರ ಹಿಂಬದಿಯ ಬಯಲಿನಲ್ಲಿ ಬೃಹತ್ ಶಿಲಾಯುಗದವರ ಗೋರಿಗಳಿವೆ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದು, ಅಷ್ಟೇ. ಸತ್ತವರಿಗೆ ಕಲ್ಲಿನ ಮನೆ ಕಟ್ಟಿದ ಆ ಜನರಿಗೆ ಚಪ್ಪಡಿ ಕೊಯ್ಯುವ ಕಷ್ಟವಿರಲಿಲ್ಲ. ಹಾಸಿಗೆ ಗೂಟ ಹೊಡೆದರೆ ಗುಡ್ಡವೇ ಕೊಡುತ್ತಿತ್ತು. ಕೆಳಗೆ ಇಳಿದು ಲಾಡಖಾನ ಗುಡಿಯ ಚಾವಣಿ ನೋಡಿದರೆ ಅಲ್ಲಿಯೂ ಅದೇ ಚಪ್ಪಡಿ. ಇಳಿಜಾರಾಗಿ ಹಾಸಿ, ಸಂದಿಗಳಿಂದ ಮಳೆ ಇಳಿಯದ ಹಾಗೆ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿ ಹೊಂದಿಸಿದ್ದಾರೆ. ಗೋರಿಗೂ ಗುಡಿಗೂ ನಡುವೆ ಶತಮಾನಗಳು ಕಳೆದಿವೆ, ದೇವರು ಬದಲಾಗಿದ್ದಾರೆ, ಭಾಷೆ ಬದಲಾಗಿರಬಹುದು. ಕಲ್ಲು ಎತ್ತುವ ಬಗೆ ಬದಲಾಗಿಲ್ಲ.

ಅಲ್ಲೇ ಆ ಹುಡುಗಿ ನೋಟ್‌ಬುಕ್ ತೆಗೆದಳು. "ಸರ್, ಬೆಳಿಗ್ಗೆ ಗುಹೆಯಲ್ಲಿ ಕಂಬದ ಪಟ್ಟೆ ಅಡ್ಡಕ್ಕಿತ್ತು. ಇಲ್ಲಿ ಮೇಲಿಂದ ಕೆಳಗೆ ಇದೆಯಲ್ಲ?" ಎಲ್ಲರೂ ಕಂಬಗಳ ಸುತ್ತ ನೆರೆದೆವು. ಹೌದು. ಗುಹೆಯ ಕಂಬ ಗುಡ್ಡದಿಂದ ಕಡಿದು ಬಿಟ್ಟದ್ದು. ಅದರ ಹಾಸು ಮಲಗಿದ್ದ ಹಾಗೆಯೇ ಇದೆ. ಗುಡಿಯ ಕಂಬ ಉದ್ದ ಚಪ್ಪಡಿಯಾಗಿ ಎಬ್ಬಿಸಿ ತಂದು ನೆಟ್ಟದ್ದು. ಹಾಸು ನೆಟ್ಟಗೆ ನಿಂತಿದೆ. ಗೈಡ್ ಅವರ ಮುಖ ಅರಳಿತು. ಹೀಗೆ ನಿಲ್ಲಿಸಿದ ಮರಳುಗಲ್ಲಿನ ಪದರಗಳ ನಡುವೆ ತೇವ ಸೇರಿದರೆ ಮೇಲುಪದರ ಚಕ್ಕೆಯಾಗಿ ಏಳುತ್ತದೆ ಎಂದು ಹೇಳಿ ಒಂದು ಕಂಬದ ಬುಡ ತೋರಿಸಿದರು. ನೆಲದಿಂದ ಒಂದು ಮೊಳದವರೆಗೆ ಕೆತ್ತನೆ ಮಾಸಿ, ಮೈ ಸುಲಿದಿತ್ತು. ಕೆಳಗೆ ಸಣ್ಣ ಕೆಂಪು ಉಸುಕು. ಕಲ್ಲು ಮತ್ತೆ ಉಸುಕಾಗುತ್ತಿರುವುದು ಕಣ್ಣೆದುರಿಗೇ ಇತ್ತು. ಮುಟ್ಟಬೇಡಿ, ಒರಗಬೇಡಿ ಎಂಬ ಫಲಕವನ್ನು ಇಷ್ಟು ಸ್ಪಷ್ಟವಾಗಿ ವಿವರಿಸಿದ ಪಾಠವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಪಟ್ಟದಕಲ್ಲಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ತಾಣದ ಬಗ್ಗೆ ಹೇಳುವುದು ಬಹಳವಿದೆ, ನಮಗೆ ಇದ್ದದ್ದು ಒಂದೂವರೆ ಗಂಟೆ. ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ಗೆಲುವಿಗಾಗಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಗೋಡೆಯನ್ನು ಮಾತ್ರ ನೋಡಿದೆವು. ಇಲ್ಲಿ ಕಲ್ಲುಗಳನ್ನು ಹಾಸಿನ ಮೇಲೆಯೇ ಮಲಗಿಸಿ, ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ. ಎಷ್ಟೋ ಕಡೆ ಸಂದಿಯಲ್ಲಿ ಉಗುರೂ ಹೋಗದು. ಇದನ್ನು ಕಟ್ಟಿದ ಆಚಾರಿ ಗುಂಡ ಅನಿವಾರಿತಾಚಾರಿಯ ಹೆಸರು ಅಲ್ಲಿಯ ಶಾಸನದಲ್ಲೇ ಇದೆ. ರಾಜನ ಹೆಸರಿನ ಜೊತೆ ಕಟ್ಟಿದವನ ಹೆಸರೂ ಉಳಿದಿರುವುದು ಸಣ್ಣ ಮಾತಲ್ಲ.

ಬಾಗಿಲು ಹಾಕುವ ಹೊತ್ತಾಯಿತು ಎಂದು ಕಾವಲುಗಾರರು ಬಂದರು. ಬಾದಾಮಿಗೆ ಮರಳುವ ದಾರಿಯಲ್ಲಿ ಮೇಷ್ಟ್ರ ಮನೆಯವರು, ಮಳೆಗಾಲದಲ್ಲಿ ಈ ಗುಡ್ಡ ಹೇಗಿರುತ್ತದೆ ಎಂದು ಕೇಳಿದರು. ಅಕ್ಕ–ತಂಗಿ ಜಲಪಾತ ಕೆರೆಗೆ ಬೀಳುವುದನ್ನು ನೋಡಬೇಕಾದರೆ ನಾಲ್ಕು ದಿನ ಜೋರು ಮಳೆ ಹಿಡಿಯಬೇಕು, ಮಳೆ ನಿಂತ ಮೇಲೆ ಬಂದರೆ ನೀರೂ ನಿಂತಿರುತ್ತದೆ ಎಂದರು ಗೈಡ್. "ಮಳಿ ಸುರು ಆದ ದಿನಾನ ನಾ ಫೋನ್ ಹಚ್ತೀನ್ರಿ ಅಕ್ಕಾರ, ನೀವು ಧಾರವಾಡದಿಂದ ಬಸ್ ಹತ್ತೂದು ಅಷ್ಟ." ಬ್ಯಾಂಕಿನವರು ಆಗಲೇ ಫೋನು ತೆಗೆದು ಎಲ್ಲರ ನಂಬರು ಬರೆದುಕೊಳ್ಳಲು ಶುರು ಮಾಡಿದ್ದರು.