ಸ್ಲಿಪ್ಪಿನಲ್ಲಿ ನಿಂತವರು

ವಿದ್ಯಾರ್ಥಿಗಳೇ, ಕ್ರಿಕೆಟ್ ಆಟದಲ್ಲಿ ಬ್ಯಾಟು ಎಲ್ಲರಿಗೂ ಬೇಕು, ಚೆಂಡೂ ಬೇಕು. ಚೆಂಡಿಗಾಗಿ ಕಾದು ನಿಲ್ಲುವ ಕೆಲಸ ಮಾತ್ರ ಯಾರಿಗೂ ಬೇಡ. ಆ ಬೇಡವಾದ ಕೆಲಸವನ್ನು ದೊಡ್ಡದು ಮಾಡಿದವರೊಬ್ಬರ ವಿಚಾರವನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ರಾಹುಲ್ ದ್ರಾವಿಡರು 1973ರಲ್ಲಿ ಇಂದೂರಿನಲ್ಲಿ ಹುಟ್ಟಿದರು, ಬೆಳೆದದ್ದು ಬೆಂಗಳೂರಿನಲ್ಲಿ. ಅವರ ಮನೆಮಾತು ಮರಾಠಿ, ಆಡಿದ್ದು ಕರ್ನಾಟಕದ ಪರವಾಗಿ. ಮರಾಠಿ ನಾಡಿನಲ್ಲಿ ಕನ್ನಡ ಕಲಿಯುತ್ತಿರುವ ನಮಗೆ ಇದು ಪರಕೀಯವಾದ ಕಥೆಯಲ್ಲ.

ಅವರ ಬ್ಯಾಟಿಂಗನ್ನು ಜಗತ್ತೇ ಕೊಂಡಾಡಿದೆ. 1996ರಲ್ಲಿ ಲಾರ್ಡ್ಸ್ ಮೈದಾನದ ಮೊದಲ ಟೆಸ್ಟಿನಲ್ಲಿಯೇ 95 ರನ್ನು. ಮುಂದೆ 164 ಟೆಸ್ಟುಗಳಲ್ಲಿ 13,288. ಆದರೆ ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಸಂಖ್ಯೆಯಲ್ಲಿ: 210 ಕ್ಯಾಚುಗಳು. ಅವುಗಳಲ್ಲಿ ಹೆಚ್ಚಿನವು ವಿಕೆಟ್ ಕೀಪರನ ಪಕ್ಕದ ಸ್ಲಿಪ್ಪಿನಲ್ಲಿ ಹಿಡಿದವು. ಟೆಸ್ಟಿನ ಒಂದು ದಿನಕ್ಕೆ 90 ಓವರು, ಅಂದರೆ 540 ಚೆಂಡುಗಳು. ಪ್ರತಿ ಚೆಂಡಿಗೂ ಮೊಣಕಾಲು ಬಗ್ಗಿಸಿ, ಕೈ ಸಡಿಲಿಸಿ, ಕಣ್ಣಿಟ್ಟು ನಿಲ್ಲಬೇಕು. ದಿನವಿಡೀ ಒಂದೂ ಬಾರದೆ ಹೋಗಬಹುದು. ಬಂದರೆ ಅದು ಅರೆಕ್ಷಣದ ಮಾತು. ಹಿಡಿದಾಗಲೂ ವಿಕೆಟ್ಟು ಚೆಂಡು ಎಸೆದವನ ಲೆಕ್ಕಕ್ಕೇ ಸೇರುತ್ತದೆ. ಈ ದಾಖಲೆಯನ್ನು 2025ರಲ್ಲಿ ಇಂಗ್ಲೆಂಡಿನ ಜೋ ರೂಟ್ ಮುರಿದರು, ಅದೇ ಲಾರ್ಡ್ಸಿನಲ್ಲಿ.

2012ರಲ್ಲಿ ನಿವೃತ್ತರಾದ ದ್ರಾವಿಡರು ಮುಂದೆ ಕಿರಿಯರಿಗೆ ಗುರುವಾದರು. 2018ರಲ್ಲಿ ಅವರ ಹುಡುಗರು 19 ವರ್ಷದೊಳಗಿನವರ ವಿಶ್ವಕಪ್ ಗೆದ್ದರು. ಕ್ರಿಕೆಟ್ ಮಂಡಳಿಯು ಗುರುವಿಗೆ 50 ಲಕ್ಷ, ಅವರ ಸಹಾಯಕರಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ಈ ತಾರತಮ್ಯವನ್ನು ದ್ರಾವಿಡರು ಒಪ್ಪಲಿಲ್ಲ. ಕೊನೆಗೆ ಎಲ್ಲರಿಗೂ 25 ಲಕ್ಷವೇ ಆಯಿತು. ಅವರ ಪಾಲು ಅರ್ಧಕ್ಕಿಳಿಯಿತು.

2021ರಲ್ಲಿ ಅವರು ಭಾರತ ತಂಡದ ಮುಖ್ಯ ತರಬೇತುದಾರರಾದರು. 2007ರಲ್ಲಿ ಅವರೇ ನಾಯಕರಾಗಿದ್ದಾಗ ನಮ್ಮ ತಂಡ ವೆಸ್ಟ್ ಇಂಡೀಸಿನ ವಿಶ್ವಕಪ್ಪಿನಿಂದ ಮೊದಲ ಹಂತದಲ್ಲೇ ಹೊರಬಿದ್ದಿತ್ತು. 2023ರಲ್ಲಿ ಅಹಮದಾಬಾದಿನ ಅಂತಿಮ ಪಂದ್ಯವೂ ಕೈಜಾರಿತು. 2024ರ ಜೂನ್ 29ರಂದು ಅದೇ ವೆಸ್ಟ್ ಇಂಡೀಸಿನ ಬಾರ್ಬಡೋಸಿನಲ್ಲಿ ಶಿಷ್ಯರು ಟಿ-20 ವಿಶ್ವಕಪ್ ಗೆದ್ದು, ಕಪ್ಪನ್ನು ಗುರುವಿನ ಕೈಗೆ ಕೊಟ್ಟರು. ಎಂದೂ ದನಿ ಎತ್ತದ ಮನುಷ್ಯ ಅಂದು ಗರ್ಜಿಸಿದರು. ಆಟಗಾರನಾಗಿ ದಕ್ಕದ ವಿಶ್ವಕಪ್ಪು ಮಕ್ಕಳ ಕೈಯಿಂದ ದಕ್ಕಿತು.

ಟಿಟ್ವಾಳಾದಿಂದ ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಶಾಲೆಗೆ ಬರುವಾಗ ನನಗೆ ಇದು ನೆನಪಾಗುವುದುಂಟು. ಊರಿಗೆ ಹೋದರೆ ಬಂಧುಗಳು, "ಇನ್ನೂ ಕನ್ನಡ ಮಾಸ್ತರಿಕೆಯೇ?" ಎನ್ನುತ್ತಾರೆ. ಬೇರೆ ಶಾಲೆಗೆ ಹೊರಟ ಮಗುವಿನ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯುವ ದಿನ ಆ ಪ್ರಶ್ನೆ ನನ್ನೊಳಗೂ ಏಳುತ್ತದೆ. ತರಗತಿಯಲ್ಲಿ ಉಳಿದವರು ಹನ್ನೊಂದೇ ಮಂದಿಯಾದರೂ ಒಂದು ತಂಡಕ್ಕೆ ಸಾಕಲ್ಲವೆ? ನಿಮ್ಮಲ್ಲಿ ಯಾರ ಉತ್ತರ ಎಂದು ಪುಟಿದು ಬರುವುದೋ ಬಲ್ಲವರಾರು! ಆದುದರಿಂದ ಕೈ ಸಡಿಲಿಸಿ, ಕಣ್ಣು ತೆರೆದು ನಿಲ್ಲುವುದೇ ನನ್ನ ಕೆಲಸ.